ಮೊಂಜಿಯಾ ಮೇಡಂ ಪರದೆ ಬೆಳಗಿಸಿದ್ದು

ಕೆಫ್ ಬೆಟ್ಟದೂರಿನ ನಮ್ಮ ಶಾಲೆಯಲ್ಲಿ ಮೊಂಜಿಯಾ ಮೇಡಂಗೆ ಮಕ್ಕಳಿಗಿಂತ ಹೆಚ್ಚು ಹೆದರುತ್ತಿದ್ದವರು ನಾವು, ಅವರ ಜೊತೆ ಕೆಲಸ ಮಾಡುತ್ತಿದ್ದವರು. ಅವರು ಕಲಿಸುತ್ತಿದ್ದದ್ದು ಚರಿತ್ರೆ, ಭೂಗೋಳ. ನನ್ನದು ಗಣಿತ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ ಇದ್ದುದರಿಂದ ಅವರ ಸಿಟ್ಟಿನ ಕಾವು ಮೊದಲು ನನಗೇ ತಾಗುತ್ತಿತ್ತು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಮದುವೆಯಾಗಿರಲಿಲ್ಲ. ಕೋಟೆಯ ಕೆಳಗಿನ ಓಣಿಯಲ್ಲಿ, ಹಾಸಿಗೆ ಹಿಡಿದ ತಾಯಿಯ ಜೊತೆ ಇದ್ದರು.

ಅವರ ಪಾಠ ಕಿಟಕಿಯಾಚೆ ನಿಂತಾದರೂ ನೋಡಬೇಕು ಅನ್ನಿಸುವ ಹಾಗಿರುತ್ತಿತ್ತು. ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಕೈ ಎತ್ತದೆ ಇಡೀ ಕರಾವಳಿ ಎಳೆಯುತ್ತಿದ್ದರು. ಮಕ್ಕಳೂ ಜೊತೆಜೊತೆಗೆ ಎಳೆಯಬೇಕು. ಕೊಲ್ಲಿ ಎಲ್ಲೋ ಹೋಗಿ ಭೂಶಿರ ಇನ್ನೆಲ್ಲೋ ಬಂದರೆ ಆ ಮಗುವಿನ ಹಾಳೆಯನ್ನು ತಾವೇ ರಬ್ಬರಿನಿಂದ ಉಜ್ಜಿ, "ಮತ್ತೆ ಬರಿ" ಎನ್ನುತ್ತಿದ್ದರು. ಅತ್ತರೂ ಬಿಡುತ್ತಿರಲಿಲ್ಲ.

ಹೀಗಿರುವಾಗ ತರಗತಿಗಳಿಗೆ ದೊಡ್ಡ ಪರದೆಗಳು ಬಂದವು. ಬೆರಳಿಟ್ಟರೆ ಚಿತ್ರ ಓಡುವಂಥವು. ಮುಖ್ಯೋಪಾಧ್ಯಾಯ ಸಿ ಖಮೈಸ್‌ಗೆ (ಗಂಡಸರ ಹೆಸರಿನ ಹಿಂದೆ ಗೌರವಕ್ಕೆ 'ಸಿ' ಅನ್ನುವುದು ನಮ್ಮೂರ ರೂಢಿ) ಹೊಸ ಅಳಿಯ ಮನೆಗೆ ಬಂದಷ್ಟು ಸಂಭ್ರಮ. ಮೊಂಜಿಯಾ ಮೇಡಂ ಮಾತ್ರ ತಮ್ಮ ತರಗತಿಯ ಪರದೆಯ ಮೇಲೆ ಹಳೇ ಬಟ್ಟೆಯ ಭೂಪಟ ನೇತುಹಾಕಿ ಮುಚ್ಚಿಬಿಟ್ಟರು.

"ಒಂದೇ ಒಂದು ಸಲ ಮುಟ್ಟಿ ನೋಡಿ ಮೇಡಂ," ಎಂದರು ಸಿ ಖಮೈಸ್. "ಭೂಮಿ ಹೇಗೆ ತಿರುಗುತ್ತೆ ಅಂತ ಕಣ್ಣಿಗೆ ಕಾಣುತ್ತೆ."

"ನಾನು ಮುಟ್ಟದಿದ್ರೂ ತಿರುಗ್ತಿದೆಯಲ್ಲ."

"ಕಾಲ ಬದಲಾಗಿದೆ ಮೇಡಂ."

"ಕಾಲ ಬದಲಾಗೋದನ್ನೇ ಅಲ್ವಾ ನಾನು ಇಷ್ಟು ವರ್ಷ ಪಾಠ ಮಾಡ್ತಿರೋದು. ನಂಗೇ ಹೇಳಿಕೊಡ್ತೀರಲ್ಲ."

ಆಮೇಲೆ ಕಾಫಿ ಕುಡಿಯುತ್ತಾ ನನ್ನ ಹತ್ತಿರ ಅಂದರು: "ನೋಡು ಸಾಲ್ಹಾ, ಮಗು ನದಿ ಬರೆಯುವಾಗ ಕೈ ತಡವರಿಸುತ್ತಲ್ಲ, ಆ ತಡವರಿಕೆಯಲ್ಲೇ ನದಿ ಅದರ ತಲೆಗೆ ಇಳಿಯೋದು. ಈ ಯಂತ್ರ ತಾನೂ ತಡವರಿಸಲ್ಲ, ಮಗುವಿಗೂ ಬಿಡಲ್ಲ. ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತವೆ, ಗಂಟೆ ಹೊಡೀತು ಅಂದ್ರೆ ಎದ್ದು ಹೋಗ್ತವೆ. ಒಳಗೆ ಏನೂ ಉಳಿದಿರಲ್ಲ."

ಅವರ ಹಗೆತನ ಶಾಲೆಯ ಪರದೆಗೆ ಮುಗಿಯುತ್ತಿರಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಯಾರಾದರೂ ಫೋನ್ ನೋಡುತ್ತಾ ಸಾಲಿನಲ್ಲಿ ನಿಂತರೆ ಅವರನ್ನು ದಾಟಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಇದಕ್ಕೆ ಕಾರಣ ಮನೆಯೊಳಗಿತ್ತು. ಅವರ ತಂಗಿ ಇದ್ದದ್ದು ದೂರದ ಕರಾವಳಿಯ ಸೂಸಾ ಪಟ್ಟಣದಲ್ಲಿ. ಅಮ್ಮನನ್ನು ನೋಡಲು ಬಾರೇ ಅಂದರೆ ಬರುತ್ತಿರಲಿಲ್ಲ; ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ ಅದರಲ್ಲೇ ಮುಖ ತೋರಿಸುತ್ತಿದ್ದಳು. ನೆನಪು ಕದಡಿದ್ದ ಆ ಮುದುಕಿಗೆ, ಮಗಳನ್ನು ಯಾರೋ ಗಾಜಿನೊಳಗೆ ಕೂಡಿಹಾಕಿದ್ದಾರೆ ಎಂದೇ ಅನಿಸುತ್ತಿತ್ತು. "ತೆಗೆಯೇ ಅವಳನ್ನ, ಉಸಿರು ಕಟ್ಟುತ್ತೆ" ಎಂದು ಉಗುರಿನಿಂದ ಪರದೆ ಕೆರೆಯುತ್ತಿದ್ದಳಂತೆ. ಕರೆ ಮುಗಿದ ಮೇಲೆ ಅಳು. ತಂಗಿಗೆ ಅದು ಕಾಣುತ್ತಿರಲಿಲ್ಲ. ಒಂದು ದಿನ ಮೇಡಂ ಪಕ್ಕದ ಮನೆಯವರಿಗೆ, "ಇನ್ನು ಮೇಲೆ ಫೋನ್ ತರಬೇಡಿ," ಎಂದುಬಿಟ್ಟರು.

ಮರುವರ್ಷ ಪ್ರತಿ ತರಗತಿಗೂ ಪೋಷಕರ ಫೋನ್ ಗುಂಪು ಆಯಿತು. ಶಿಕ್ಷಕರೂ ಅದರಲ್ಲಿ ಇರಲೇಬೇಕು ಎಂದು ಸಿ ಖಮೈಸ್ ಪಟ್ಟು ಹಿಡಿದರು. ಮೊಂಜಿಯಾ ಮೇಡಂ ಜಗಳವಾಡಿ ಸೋತು, ಒಂದು ಅಗ್ಗದ ಫೋನ್ ಕೊಂಡು ಗುಂಪಿಗೆ ಸೇರಿದರು. ಹೆಸರು ಹಾಕಲಿಲ್ಲ, ಫೋಟೋ ಹಾಕಲಿಲ್ಲ. ಬರೀ ನಂಬರು. ಯಾವುದೋ ಮಗುವಿನ ಅಜ್ಜನಿರಬೇಕೆಂದು ಪೋಷಕರು ಅಂದುಕೊಂಡರು. ಮೇಡಂ ಸೇರಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಮೊದಮೊದಲು ಪೋಷಕರು ನಯವಾಗಿಯೇ ಬರೆಯುತ್ತಿದ್ದರು. ಚರಿತ್ರೆಯ ಪಾಠವನ್ನು ಯಾಕೆ ಫೋನಿಗೆ ಹಾಕುವುದಿಲ್ಲ, ಪರದೆಯನ್ನು ಯಾಕೆ ಮುಚ್ಚಿದ್ದಾರೆ, ಹೀಗೆ. ಆಮೇಲೆ ನಾಲಿಗೆ ಸಡಿಲವಾಯಿತು. ಒಬ್ಬ, "ಮುದುಕಿಗೆ ಪರದೆ ಕಂಡ್ರೆ ದೆವ್ವ ಕಂಡ ಹಾಗೆ," ಎಂದು ಬರೆದ. ಇನ್ನೊಬ್ಬ, "ಗಂಡ ಅಂತ ಒಬ್ಬ ಇದ್ದಿದ್ರೆ ನೆಟ್ಟಗಿರ್ತಿದ್ಲು," ಎಂದ. ಅದರ ಕೆಳಗೆಲ್ಲ ನಗುವ ಮುಖಗಳು. ಮೇಡಂ ನನ್ನ ಪಕ್ಕದಲ್ಲೇ ಕೂತು ಒಂದೊಂದನ್ನೂ ಓದುತ್ತಿದ್ದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

"ಈ ನಂಬರು ನಿಮ್ದು ಅಂತ ಹೇಳಿಬಿಡಬಾರದಾ?" ಎಂದೆ.

"ಯಾರೂ ಕೇಳಿಲ್ವಲ್ಲ."

ಮುರಾದ್ ಬರೆಯುವ ತನಕ ಹೀಗೇ ನಡೆಯಿತು. ಮುರಾದ್ ಎಂದರೆ ಮೇಲಿನ ಪೇಟೆಯ ಔಷಧಿ ಅಂಗಡಿಯವನು. ಅವನ ಮಗ ಅದೇ ತರಗತಿಯಲ್ಲಿದ್ದ. "ಅವಳ ತಾಯಿಗೂ ತಲೆ ಕೆಟ್ಟಿದೆ. ಮಾತ್ರೆ ಕೊಡೋನು ನಾನೇ, ನಂಗೊತ್ತಿಲ್ವಾ. ಆ ಮನೆತನಕ್ಕೇ ಇರೋ ಕಾಯಿಲೆ," ಎಂದು ಬರೆದಿದ್ದ. ಮೇಡಂ ಅದನ್ನು ಓದಿ ಫೋನ್ ಮಗುಚಿಟ್ಟರು. ನನ್ನ ಕಡೆ ತಿರುಗಿ, "ಫೋನಲ್ಲಿರೋದು ಆ ದೊಡ್ಡ ಪರದೆ ಮೇಲೆ ಬರೋ ಹಾಗೆ ಮಾಡೋದು ಹೇಗೆ ಸಾಲ್ಹಾ?" ಎಂದು ಕೇಳಿದರು. ಪಾಠಕ್ಕೆ ಬೇಕೇನೋ ಎಂದು ಸಂತೋಷದಿಂದಲೇ ಹೇಳಿಕೊಟ್ಟೆ. ಒಂದೇ ಸಲಕ್ಕೆ ಕಲಿತರು.

ಪೋಷಕರ ಸಭೆ ಕರೆಯಿರಿ, ಪರದೆ ಹೇಗೆ ಬಳಸುತ್ತೇನೆಂದು ತೋರಿಸುತ್ತೇನೆ ಎಂದು ಅವರೇ ಹೋಗಿ ಸಿ ಖಮೈಸ್‌ಗೆ ಹೇಳಿದರು. ಆ ಮನುಷ್ಯ ಖುಷಿಯಿಂದ ತಾನೇ ಪರದೆ ಒರೆಸಿಟ್ಟ.

ಪೋಷಕರು ಬಂದು ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ. ಮೇಡಂ ಭೂಪಟ ಇಳಿಸಿ ಮಡಚಿಟ್ಟು ಪರದೆ ಬೆಳಗಿಸಿದರು. ಗುಂಪಿನ ಮಾತುಗಳು ಗೋಡೆಯಗಲ ಬಂದವು, ಬರೆದವರ ಹೆಸರಿನ ಸಮೇತ.

"ಈ ನಂಬರು ನಂದು," ಎಂದರು ಮೇಡಂ. "ನೀವು ಬರೆದದ್ದನ್ನ ನೀವೇ ಎದ್ದು ನಿಂತು ಓದಿ. ನನ್ನ ಮುಖ ನೋಡ್ಕೊಂಡು."

ಸಿ ಖಮೈಸ್ ಸ್ವಿಚ್ಚಿನ ಕಡೆ ಹೋದರು. "ಮುಟ್ಟಬೇಡಿ," ಎಂದರು ಮೇಡಂ. "ಪರದೆ ಬಳಸಿ, ಬಳಸಿ ಅಂತಿದ್ರಲ್ಲ. ಬಳಸ್ತಿದೀನಿ."

ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ದರ್ಜಿ ಕೆಲಸದ ರಫೀಕಾ ಎದ್ದಳು. "ಕಲ್ಲೆದೆಯ ಹೆಂಗಸು ಅಂತ ಬರೆದೋಳು ನಾನು. ಈಗ್ಲೂ ಅದನ್ನೇ ಅಂತೀನಿ. ನನ್ನ ಮಗಳ ಹಾಳೆ ಹರಿದುಹೋಗೋ ತನಕ ಉಜ್ಜಿದ್ರಿ ನೀವು. ಅವತ್ತಿಂದ ಭೂಗೋಳ ಅಂದ್ರೆ ಅವಳಿಗೆ ಹೊಟ್ಟೆನೋವು ಬರುತ್ತೆ."

ಮೇಡಂ ಆಕೆಯನ್ನೇ ನೋಡುತ್ತಾ ನಿಂತರು. "ಇದನ್ನ ಅವತ್ತೇ ಬಂದು ಹೇಳಬೇಕಿತ್ತು. ಈಗ ಹೇಳಿದ್ರಿ, ಕೇಳಿಸ್ಕೊಂಡೆ. ಕೂತ್ಕೊಳ್ಳಿ." ಆಮೇಲೆ ಮುರಾದ್ ಕಡೆ ತಿರುಗಿದರು. "ಸಿ ಮುರಾದ್, ನೀವು."

"ತಮಾಷೆಗೆ ಬರೆದದ್ದು ಮೇಡಂ."

"ತಮಾಷೆನಾ? ಹಾಗಾದ್ರೆ ಓದಿ, ಎಲ್ರೂ ನಗೋಣ. ಮಾತ್ರೆ ತಗೊಳ್ಳೋಕೆ ಬಂದವಳ ಮನೆ ವಿಷಯನ ಊರಿಗೆಲ್ಲ ಹಂಚಿದ್ರಿ. ಅದಕ್ಕೇ ಇಷ್ಟು ದೊಡ್ಡದು ಮಾಡಿ ತೋರಿಸ್ತಿರೋದು."

ಅವನು ಓದಲಿಲ್ಲ, ಎದ್ದು ಹೊರಟ. ಹಿಂದೆಯೇ ಇನ್ನಷ್ಟು ಜನ ಹೊರಟರು. ಯಾರೊಬ್ಬರೂ ಕ್ಷಮೆ ಕೇಳಲಿಲ್ಲ.

ದೂರು ಮೇಲಿನವರಿಗೆ ಹೋಯಿತು. ಪೋಷಕರ ಖಾಸಗಿ ಮಾತುಗಳನ್ನು ಬಯಲಿಗಿಟ್ಟರೆಂದು ಮೇಡಂ ಮೇಲೇ ತಪ್ಪು ಬಂತು. ಗಡಿಯ ಕಡೆಯ ಒಂದು ಹಳ್ಳಿ ಶಾಲೆಗೆ ವರ್ಗ ಮಾಡಿದರು. ತಾಯಿಯನ್ನು ಬಿಡಲಾಗದೆ ಮೇಡಂ ಓಣಿಯ ಮನೆಯಿಂದಲೇ ದಿನಾ ಹೋಗಿಬರುತ್ತಿದ್ದರು. ಪೋಷಕರು ಶಿಕ್ಷಕರನ್ನು ಹೊರಗಿಟ್ಟು ಇನ್ನೊಂದು ಗುಂಪು ಮಾಡಿಕೊಂಡರು. ಮುರಾದ್‌ನ ಅಂಗಡಿ ಎಂದಿನಂತೆ ನಡೆಯಿತು. ಜನರಿಗೆ ಔಷಧಿ ಬೇಕಲ್ಲ. ಮೇಡಂ ಮಾತ್ರ ಕೆಳಗಿನ ಪೇಟೆಗೆ ಇಳಿದು ಹೋಗಿ ಅಮ್ಮನ ಮಾತ್ರೆ ತರುತ್ತಿದ್ದರು.

ಒಮ್ಮೆ ಬಾಡಿಗೆ ವ್ಯಾನಿನಲ್ಲಿ ಆ ಹಳ್ಳಿ ಶಾಲೆಗೇ ಹೋಗಿ ಅವರನ್ನು ಕಂಡೆ. ಅಲ್ಲಿ ಪರದೆ ಇರಲಿಲ್ಲ. "ಇಲ್ಲಾದರೂ ನೆಮ್ಮದಿಯಾಗಿದ್ದೀರಲ್ಲ," ಎಂದೆ.

"ನೆಮ್ಮದಿ ಎಲ್ಲಿಂದ ಬಂತು? ಇಲ್ಲಿ ಗೋಡೆಯ ಮೇಲಿಲ್ಲ ಅಷ್ಟೇ. ಪ್ರತಿ ಮಗುವಿನ ಜೇಬಲ್ಲೂ ಇದೆ," ಎಂದರು. ಮಕ್ಕಳ ನಕ್ಷೆಗಳನ್ನು ಈಗ ತಾವು ಉಜ್ಜುವುದಿಲ್ಲವಂತೆ. ರಬ್ಬರನ್ನು ಅವರ ಕೈಗೇ ಕೊಡುತ್ತಾರಂತೆ. ಇಷ್ಟು ಹೇಳಿ, ಅದರ ಬಗ್ಗೆ ಮತ್ತೆ ಮಾತಾಡಬೇಡ ಎನ್ನುವಂತೆ ನನ್ನನ್ನು ನೋಡಿದರು.

ಆ ಚಳಿಗಾಲ ತಾಯಿ ತೀರಿಕೊಂಡರು. ಸೂಸಾದ ತಂಗಿ ಮಣ್ಣು ಮಾಡುವ ಹೊತ್ತಿಗೆ ಬಂದಳು. ಸಂತಾಪ ಹೇಳಲು ಬಂದವರ ನಡುವೆ ಮುರಾದ್ ಕೂಡ ಬಂದ. ಎದೆಯ ಮೇಲೆ ಕೈಯಿಟ್ಟು, ಹೇಳಬೇಕಾದ ಮಾತು ಹೇಳಿದ. ಓಣಿಯವರೆಲ್ಲ ಅವರಿಬ್ಬರನ್ನೇ ನೋಡುತ್ತಿದ್ದರು.

"ಬಂದಿದ್ದು ಸರಿ. ಕಾಫಿ ಕುಡಿದು ಹೋಗಿ," ಎಂದರು ಮೇಡಂ. "ನಾನು ಕ್ಷಮಿಸಿದೆ ಅಂತ ಮಾತ್ರ ಹೊರಗೆ ಹೇಳ್ಕೊಂಡು ತಿರುಗಬೇಡಿ. ಕ್ಷಮಿಸಿಲ್ಲ."

ಅವನು ನಿಂತುಕೊಂಡೇ ಕಾಫಿ ಕುಡಿದು, ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ. ಮೇಡಂ ಒಳಗೆ ಹೋಗಿ, ಬಂದವರಿಗೆಲ್ಲ ಕುರ್ಚಿ ಹಾಕತೊಡಗಿದರು.