ಎಡಗಡೆ ಕಳೆದುಕೊಂಡ ಮಾಸ್ತರ

ಬೈಕಿನಿಂದ ಬಿದ್ದ ದಿನ ನನ್ನ ಹೆಲ್ಮೆಟ್ ತಲೆಯ ಮೇಲಿರಲಿಲ್ಲ. ಅದರ ತುಂಬ ಬದನೆಕಾಯಿ ಹಾಕಿ ಹ್ಯಾಂಡಲಿಗೆ ನೇತುಹಾಕಿದ್ದೆ. ನವಲಗುಂದದ ಸಂತೆ ಮುಗಿಸಿ ಊರ ದಾರಿ ಹಿಡಿದಾಗ ಸಣ್ಣ ಮಳೆ ಬಂದಿತ್ತು. ಎರೆಮಣ್ಣಿನ ಮೇಲೆ ಗಾಲಿ ಜಾರಿತು, ನಾನು ಹಳ್ಳದ ಸೇತುವೆಯ ಕಲ್ಲಿಗೆ ತಲೆ ಕೊಟ್ಟೆ. ಬದನೆಕಾಯಿಗಳಿಗೆ ಒಂದು ಗೀರೂ ಬಿದ್ದಿರಲಿಲ್ಲವೆಂದು ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ ಎದ್ದು ಬಂದೆ. ಕೈಕಾಲು ನೆಟ್ಟಗಿದ್ದವು. ಮಾತೂ ನೆಟ್ಟಗಿತ್ತು, ಮೊದಲಿಗಿಂತ ತುಸು ಹೆಚ್ಚೇ ಇತ್ತು. ಮತ್ತೆ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಮನಸ್ಸಿಗೇ ಹಾಕಿಕೊಳ್ಳಲಿಲ್ಲ. ನನ್ನಲ್ಲಿ ಏನೋ ಕೆಟ್ಟಿದೆ ಅನ್ನಿಸಲೇ ಇಲ್ಲ. ಉಳಿದವರೆಲ್ಲ ಕೆಟ್ಟಿದ್ದಾರೆ ಅನ್ನಿಸಿತು. ಬಾಗಿಲ ಚೌಕಟ್ಟು ದಿನಾ ನನ್ನ ಎಡಭುಜಕ್ಕೆ ಬಡಿಯುತ್ತಿತ್ತು. ನಾನು ಬಡಗಿಯನ್ನು ಬೈದೆ.

ಬೀಗರ ಹೊಸ ಮನೆಯ ಊಟಕ್ಕೆ ಕೂತಾಗ ಬಡಿಸುವವನನ್ನು ತರುಬಿದೆ: "ಏನಪಾ, ಉಪ್ಪಿಲ್ಲ, ಚಟ್ನಿ ಇಲ್ಲ, ಹಿಂಗ ಬಡಿಸ್ತಾರೇನು?" ಅವನು ನನ್ನ ಮುಖ ನೋಡಿ ಮತ್ತೊಮ್ಮೆ ಹಾಕಿ ಹೋದ. ನಾನು ಮತ್ತೆ ಕೂಗಿದೆ. ಮೂರನೆಯ ಸಲ ಪಕ್ಕದಲ್ಲಿದ್ದ ಹೆಂಡತಿ ನನ್ನ ಎಲೆಯನ್ನೇ ಅರ್ಧ ಸುತ್ತು ತಿರುಗಿಸಿದಳು. ಎಡತುದಿಯಲ್ಲಿದ್ದ ಶೇಂಗಾ ಚಟ್ನಿಯ ಮೂರು ಗುಡ್ಡೆಗಳು ಒಮ್ಮೆಲೇ ಬಲಕ್ಕೆ ಬಂದು ಕೂತವು.

"ಇದೇನ್ರಿ ಇದು?" ಎಂದಳು.

"ಈಗ ತಂದು ಹಾಕ್ಯಾನ," ಎಂದೆ.

ಒಪ್ಪಿಕೊಳ್ಳಲು ಇನ್ನೊಂದು ಮಾನಭಂಗ ಬೇಕಾಯಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಅಕ್ಷರ ನುಂಗಿ ಓದುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು. ಬೆಳಗಿನ ಪ್ರಾರ್ಥನೆಯಲ್ಲಿ ಓದಲು ಹೆಡ್‌ಮಾಸ್ತರರು ಒಂದು ಪತ್ರ ಕೊಟ್ಟರು. ಶೌಚಾಲಯದ ಸ್ಥಿತಿ ಕಂಡು ಪಾಲಕರು ಸಮಾಧಾನ ವ್ಯಕ್ತಪಡಿಸಿದ್ದಾರೆ ಎಂದು ಏರುದನಿಯಲ್ಲಿ ಓದಿ, ಇದು ನಮ್ಮ ಶಾಲೆಗೆ ಹೆಮ್ಮೆಯ ಸಂಗತಿ ಎಂದು ನನ್ನದೂ ಒಂದು ಮಾತು ಸೇರಿಸಿ ಚಪ್ಪಾಳೆ ಹೊಡೆಸಿದೆ. ಪತ್ರದಲ್ಲಿದ್ದದ್ದು 'ಅಸಮಾಧಾನ'. ಸಾಲಿನ ಮೊದಲಿಗಿದ್ದ 'ಅ' ನನ್ನ ಪಾಲಿಗೆ ಇರಲೇ ಇಲ್ಲ.

ಅದೇ ವಾರ ಹೆಂಡತಿ ನನ್ನನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿದಳು. ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ಕಣ್ಣು ಅಗದಿ ಛಲೋ ಅದಾವ್ರಿ ಮಾಸ್ತರ. ಮಿದುಳಿನ ಹಿಂದಿನ ಭಾಗಕ್ಕ ಪೆಟ್ಟಾಗೇತಿ. ಎರಡೂ ಕಣ್ಣಾಗ ಎಡಗಡೀದು ಕಾಣವಲ್ದು."

"ಯಾವಾಗ ಬರ್ತೈತ್ರಿ?"

"ಇಷ್ಟು ತಿಂಗಳಾದ ಮ್ಯಾಲೆ ಬರೂದು ಕಷ್ಟರಿ. ಆದ್ರ ಕಣ್ಣು, ಕುತ್ತಿಗಿ ಎಡಕ್ಕ ತಿರುಗಿಸಿ ಹುಡುಕೂದು ಕಲೀಬಹುದು."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅರ್ಧ ಜಗತ್ತು ಹೋಗಿದೆ, ಹೋದದ್ದು ನನಗೆ ಗೊತ್ತೇ ಆಗಿಲ್ಲ. ಅತ್ತುಬಿಟ್ಟೆ. ಎಡಕ್ಕೆ ಕೂತಿದ್ದ ಹೆಂಡತಿಯೂ ಅಳುತ್ತಿದ್ದಳಂತೆ, ಅದೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಅದರ ತರಬೇತಿ ಕೊಡುವವಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಗೋಡೆಯ ಮೇಲೆ ಅಂಕಿಯ ಚೀಟಿ ಅಂಟಿಸಿ, ಮೊದಲು ಎಡತುದಿಗೆ ನೋಟ ಒಯ್ದು ಅಲ್ಲಿಂದ ಹುಡುಕುತ್ತ ಬರಬೇಕು ಎಂದಳು. ಮೂರನೆಯ ವಾರ ನಾನು ಪಟಪಟ ಹೇಳತೊಡಗಿದೆ. ಅವಳು ಹಿಗ್ಗಿದಳು. ನಾಲ್ಕನೆಯ ವಾರ ಚೀಟಿಗಳ ಜಾಗ ಬದಲಿಸಿದ್ದಳು. ನಾನು ಹಳೆಯ ಅಂಕಿಗಳನ್ನೇ ಅದೇ ಕ್ರಮದಲ್ಲಿ ಒಪ್ಪಿಸಿಬಿಟ್ಟೆ.

ಅವಳು ಕೇಳಿದಳು: "ಸರ್, ಬಾಯಿಪಾಠ ಮಾಡಿದ್ರೇನ್ರಿ?"

ಇಪ್ಪತ್ತಾರು ವರ್ಷ ಪರೀಕ್ಷೆಯಲ್ಲಿ ಕಾಪಿ ಹಿಡಿದವನು ತಲೆ ತಗ್ಗಿಸಿ "ಹೌದ್ರಿ" ಎಂದೆ. ಆವತ್ತಿನಿಂದ ನಿಜವಾದ ಅಭ್ಯಾಸ ಶುರುವಾಯಿತು.

ಮನೆಯಲ್ಲಿ ಹೆಂಡತಿ ಜಮಖಾನದ ಮೇಲೆ ಕಡಲೆಕಾಳು ಚೆಲ್ಲಿ, ಒಂದೂ ಬಿಡದೆ ಆರಿಸಲು ಕೂರಿಸುತ್ತಿದ್ದಳು. ಆ ಜಮಖಾನದ ಬಣ್ಣಬಣ್ಣದ ನವಿಲುಗಳ ನಡುವೆ ಕಡಲೆ ಹುಡುಕುವುದು ಪೂರ್ತಿ ಕಾಣುವವರಿಗೂ ಕಷ್ಟ. ಎಡಕ್ಕೆ ಉಳಿದ ಕಾಳಿಗೆಲ್ಲ ಅವಳು "ಮಾಸ್ತರ, ಬೆಂಚಿನ ಮ್ಯಾಲೆ ನಿಲ್ರಿ" ಎನ್ನುತ್ತಿದ್ದಳು. ಪುಸ್ತಕದ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿಕೊಂಡೆ. ಪಟ್ಟಿ ಕಾಣುವವರೆಗೆ ಸಾಲು ಶುರುಮಾಡುವಂತಿಲ್ಲ. ಒಂದನೆಯ ತರಗತಿಯ ಮಗುವಿನಂತೆ ಬೆರಳಿಟ್ಟು ಓದಿದೆ. ಎಡಬಾಜುವಿನ ಮನೆಯ ಕಾಕಾ ನನ್ನೊಡನೆ ಮಾತು ಬಿಟ್ಟಿದ್ದ. ದಿನಾ ಕಟ್ಟೆಯ ಮೇಲೆ ಕೂತು ಅವನು ಮಾಡುತ್ತಿದ್ದ ನಮಸ್ಕಾರಕ್ಕೆ ನಾನು ಎಂಟು ತಿಂಗಳು ತಿರುಗಿಯೂ ನೋಡಿರಲಿಲ್ಲವಂತೆ. ಹೋಗಿ ಎಲ್ಲ ವಿವರಿಸಿದೆ. "ನಾ ನಿನಗ ಸೊಕ್ಕು ಬಂದೈತಿ ಅಂದ್ಕೊಂಡಿದ್ದೆ," ಎಂದ. ಸೊಕ್ಕೂ ಇತ್ತು ಎಂದು ನಾನು ಹೇಳಲಿಲ್ಲ.

ಕಾಣದ ಅರ್ಧ ಇವತ್ತಿಗೂ ಬಂದಿಲ್ಲ. ಬೈಕ್ ಬಿಟ್ಟೆ. ಪಾಠ ಬಿಟ್ಟಿಲ್ಲ, "ಎಡಗಡೆ ಕೂತವರು ಕೈ ಎತ್ತಬ್ಯಾಡ್ರಿ, ಬಾಯಿಲೇ ಕರೀರಿ" ಎಂದು ಮಕ್ಕಳಿಗೆ ಹೇಳಿದ್ದೇನೆ.

ಹೋದ ತಿಂಗಳು ನವಲಗುಂದದ ದೊಡ್ಡ ರಸ್ತೆಯನ್ನು ಒಬ್ಬನೇ ದಾಟುತ್ತೇನೆಂದು ಹಟ ಹಿಡಿದೆ. ಹೆಂಡತಿ ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ ಎಂದಳು. ಕಲಿಸಿದಂತೆ ಕುತ್ತಿಗೆ ಪೂರ್ತಿ ಎಡಕ್ಕೆ ತಿರುಗಿಸಿದೆ. ಲಾರಿ ಇರಲಿಲ್ಲ, ಟ್ರ್ಯಾಕ್ಟರ್ ಇರಲಿಲ್ಲ. ಎರಡು ಮಾರು ದೂರದಲ್ಲಿ, ಸೆರಗು ಬಿಗಿದು, ನಾನು ಕಾಲೆತ್ತಿದರೆ ತಾನೂ ಎತ್ತಲು ತಯಾರಾಗಿ ಹೆಂಡತಿ ನಿಂತಿದ್ದಳು.

"ಇಲ್ಲೇನ್ ಮಾಡಾಕತ್ತೀಲೇ?" ಎಂದೆ.

ಅವಳು ಬೆಚ್ಚಿ, "ಅಯ್ಯ, ಕಂಡ್ನೇನ್ರಿ?" ಎಂದಳು. ಸಿಕ್ಕಿಬಿದ್ದ ನಾಚಿಕೆಗೆ ನಕ್ಕಳೋ, ಖುಷಿಗೆ ನಕ್ಕಳೋ ತಿಳಿಯಲಿಲ್ಲ. ಇಬ್ಬರೂ ಕೂಡಿಯೇ ದಾಟಿ ಆಚೆಯ ಅಂಗಡಿಯಲ್ಲಿ ಚಹಾ ಕುಡಿದೆವು.