ಠಾಣೆಯ ಗ್ರೂಪಿನಲ್ಲಿ ಕಸ್ತೂರೆವ್ವನ ಪಾಟ್ಲಿ

ನಾಲ್ಕು ವರ್ಷದ ಹಿಂದಿನ ಮಾತು. ಕುಂದಗೋಳ ತಾಲೂಕಿನ ಕಡೆಯ ಒಂದು ಠಾಣೆಯಲ್ಲಿ ನಾನು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಠಾಣೆಯ ಹೆಸರು ಬರೆಯುವುದಿಲ್ಲ. ಬರೆದರೆ ಈಗ ಅಲ್ಲಿರುವವರು ಸುಮ್ಮನೆ ಬೈಸಿಕೊಳ್ಳುತ್ತಾರೆ, ಅವರದೇನೂ ತಪ್ಪಿಲ್ಲ. ಜನರ ಹೆಸರನ್ನೂ ಬದಲಿಸಿದ್ದೇನೆ. ಸಿಟ್ಟನ್ನು ಮಾತ್ರ ಬದಲಿಸಲು ಬಂದಿಲ್ಲ.

ಗಿರವಿ ಅಂಗಡಿ ಅಂದರೆ ಬಂಗಾರ ಒತ್ತೆ ಇಟ್ಟುಕೊಂಡು ಸಾಲ ಕೊಡುವ ಅಂಗಡಿ. ಲೈಸೆನ್ಸ್ ಪಡೆದು ಇದನ್ನು ನಡೆಸುವವರು ಒತ್ತೆ ಇಟ್ಟವರ ಹೆಸರು, ವಿಳಾಸ, ಆಭರಣದ ವಿವರ, ತೂಕ ಎಲ್ಲವನ್ನೂ ವಹಿಯಲ್ಲಿ ಬರೆಯಬೇಕು, ರಸೀದಿ ಕೊಡಬೇಕು. ಸಂಶಯದ ಮಾಲು ಬಂದರೆ ಠಾಣೆಗೆ ತಿಳಿಸಬೇಕು, ನಾವು ಕೇಳಿದಾಗ ವಹಿ ತೋರಿಸಬೇಕು. ಹಳೇ ಸಾಮಾನು ಕೊಳ್ಳುವ ಅಂಗಡಿಯವರಿಗೂ ಹೆಚ್ಚುಕಡಿಮೆ ಇದೇ ಪದ್ಧತಿ. ಕಳವಿನ ಮಾಲು ಅಂಗಡಿಗೆ ಬಂದರೆ ಸಿಗಲಿ ಎಂಬುದು ಉದ್ದೇಶ. ನಿಯಮದ ಬಗ್ಗೆ ನನ್ನದೇನೂ ತಕರಾರಿಲ್ಲ, ಇಂದಿಗೂ ಇಲ್ಲ.

ಆ ಮಳೆಗಾಲದಲ್ಲಿ ನಮ್ಮ ಹದ್ದಿನಲ್ಲಿ ಸರಗಳ್ಳತನ ಶುರುವಾಯಿತು. ಬೈಕಿನ ಮೇಲೆ ಇಬ್ಬರು ಬರುವುದು, ಹೊಲದಿಂದ ಮನೆಗೆ ನಡೆದು ಹೊರಟ ಹೆಂಗಸರ ಕೊರಳಿಗೆ ಕೈ ಹಾಕುವುದು. ಮೇಲಿನಿಂದ ಒತ್ತಡ ಬಂತು. ನಮ್ಮ ಪಿಎಸ್‌ಐ ಸಾಹೇಬರು ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗನಷ್ಟು. ಕೆಲಸಗಳ್ಳರಲ್ಲ, ಲಂಚ ಮುಟ್ಟುವವರೂ ಅಲ್ಲ. ಅವರಿಗಿದ್ದ ರೋಗ ಒಂದೇ, ಮೊಬೈಲ್. ಎಲ್ಲ ಗಿರವಿ ಅಂಗಡಿಯವರನ್ನೂ ಹಳೇ ಸಾಮಾನಿನವರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ದಿನವೂ ಸಂಜೆ ಅವತ್ತು ಬಂದ ಮಾಲಿನ ಫೋಟೋ, ತಂದವರ ಹೆಸರು, ಊರು ಅದರಲ್ಲಿ ಹಾಕಬೇಕೆಂದು ಆಜ್ಞೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ವಾರ ಕಳೆಯುವುದರೊಳಗೆ ಠಾಣೆಯ ಸಿಬ್ಬಂದಿಯನ್ನೆಲ್ಲ ಅದಕ್ಕೆ ಸೇರಿಸಿದರು. ಆಮೇಲೆ ಬೀಟ್ ಸದಸ್ಯರನ್ನು ಸೇರಿಸಿದರು. ಬೀಟ್ ಸದಸ್ಯರೆಂದರೆ ಊರಿನ ಸುದ್ದಿ ಠಾಣೆಗೆ ಮುಟ್ಟಿಸಲಿ ಎಂದು ನಾವೇ ಆರಿಸಿಕೊಂಡ ಊರಿನ ಜನ. ಪಂಚಾಯ್ತಿ ಮೆಂಬರು, ಚಹಾ ಅಂಗಡಿಯವ, ಕಟಿಂಗ್ ಅಂಗಡಿಯವ ಎಲ್ಲರೂ ಅದರಲ್ಲಿದ್ದರು. ನಾನು ಹೋಗಿ ಹೇಳಿದೆ, “ಸಾಹೇಬ್ರ, ಗಿರವಿ ಅಂಗಡಿಗೆ ಬರೂದು ಕಳ್ಳರು ಕಡಿಮಿ, ಮನೀ ಹೆಣ್ಮಕ್ಕಳ ಹೆಚ್ಚು. ಗಂಡಗ, ಅತ್ತಿಗೆ ಗೊತ್ತಾಗದಂಗ ಬಂದಿರ್ತಾರ. ಹಿಂಗ ಹೆಸರು ಹಾಕಿದ್ರ ಅವರ ಸಂಸಾರ ಏನಾಗಬೇಕ್ರಿ?”

“ಎಲ್ರ ಕಣ್ಣಿಗೂ ಬಿದ್ರೆ ಕಳ್ಳ ಬೇಗ ಸಿಗ್ತಾನಮ್ಮ. ನೀವು ಹಳೇ ಕಾಲದವ್ರು,” ಎಂದು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಾನು ಸೆಲ್ಯೂಟ್ ಹೊಡೆದು ಹೊರಗೆ ಬಂದೆ.

ಕಸ್ತೂರೆವ್ವ ಯರಗುಪ್ಪಿಯ ಹೆಣ್ಣುಮಗಳು. ತವರು ಕುಬಿಹಾಳ. ಖಡಕ್ ರೊಟ್ಟಿ ಬಡಿಯುವುದರಲ್ಲಿ ಆಕೆಯದು ಪಳಗಿದ ಕೈ. ಹುಬ್ಬಳ್ಳಿಯ ಖಾನಾವಳಿಗಳವರು ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ಆದರೆ ಕೈಯಿಂದ ಬಡಿದು ಎಷ್ಟು ಕೊಡಲಾದೀತು? ರೊಟ್ಟಿ ಮಷೀನ್ ಒಂದು ತಗೊಳ್ಳಬೇಕು, ಓಣಿಯ ಇನ್ನಿಬ್ಬರಿಗೂ ಕೆಲಸ ಕೊಡಬೇಕು ಎಂಬುದು ಆಕೆಯ ಆಸೆ. ಗಂಡ ಮಲ್ಲಪ್ಪ ಟ್ರ್ಯಾಕ್ಟರ್ ಡ್ರೈವರ್. ಹೆಂಗಸು ವ್ಯಾಪಾರ ಮಾಡಿದರೆ ತನ್ನ ಮೀಸೆಗೆ ಅಪಮಾನ ಎಂದು ನಂಬಿದವನು. ಆಕೆ ಕೇಳಿದಾಗಲೆಲ್ಲ ಬೈದು ಬಾಯಿ ಮುಚ್ಚಿಸಿದ್ದ.

ಕೊನೆಗೆ ಆಕೆ ತನ್ನ ಎರಡು ಪಾಟ್ಲಿಗಳನ್ನು, ಅಂದರೆ ಅಗಲ ಪಟ್ಟಿಯ ಬಂಗಾರದ ಬಳೆಗಳನ್ನು, ಮಾನಪ್ಪ ಪತ್ತಾರನ ಗಿರವಿ ಅಂಗಡಿಯಲ್ಲಿ ಇಟ್ಟಳು. ಗುರುತಿಗೆ ಕೊಟ್ಟ ಆಧಾರ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸವೇ ಇತ್ತು. ನಮ್ಮ ಕಡೆ ಗುಟ್ಟಾಗಿ ಒತ್ತೆ ಇಡುವ ಹೆಣ್ಣುಮಕ್ಕಳು ತವರಿನ ವಿಳಾಸವನ್ನೇ ಕೊಡುತ್ತಾರೆ. ಏನಾದರೂ ನೋಟೀಸು ಬಂದರೆ ಗಂಡನ ಕೈಗೆ ಸಿಗದೆ ಅವ್ವನ ಕೈಗೆ ಸಿಗಲಿ ಅಂತ. ಪತ್ತಾರ ನಿಯಮದಂತೆ ಎಲ್ಲವನ್ನೂ ಬರೆದುಕೊಂಡ, ರಸೀದಿ ಕೊಟ್ಟ, ಸಂಜೆ ಗ್ರೂಪಿಗೆ ಫೋಟೋ ಹಾಕಿದ. ಕಸ್ತೂರೆವ್ವ ರೊಕ್ಕ ಒಯ್ದು ಮಷೀನ್ ತಂದು ಗೆಳತಿಯ ಮನೆಯ ಪತ್ರಾಸಿನಲ್ಲಿ, ಅಂದರೆ ತಗಡಿನ ಶೆಡ್ಡಿನಲ್ಲಿ, ಇಟ್ಟಳು.

ಮರುದಿನ ಬೆಳಿಗ್ಗೆ ಯರಗುಪ್ಪಿಯ ಚಹಾ ಅಂಗಡಿಯಲ್ಲಿ ಬೀಟ್ ಸದಸ್ಯನೊಬ್ಬ ಮಲ್ಲಪ್ಪನ ಮುಂದೆ ಮೊಬೈಲ್ ಹಿಡಿದ. “ಲೇ ಮಲ್ಲ್ಯಾ, ಇದು ನಿನ್ನ ಹೇಣ್ತಿ ಹೆಸರಲ್ಲೇನಲೇ? ಊರೂ ಆಕಿ ತವರ ಐತಿ. ಬಂಗಾರ ಗಿರವಿ ಇಡೂವಂಥಾದ್ದು ಏನ ಬಂದೈತಿ ನಿಮಗ?” ಸುತ್ತಲಿದ್ದವರೆಲ್ಲ ನಕ್ಕರಂತೆ. ಆ ನಗು ಅವನ ತಲೆಗೆ ಏರಿತು. ಮನೆಗೆ ಹೋಗಿ ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ನೆಟ್ಟಗೆ ಠಾಣೆಗೆ ಬಂದು, ಮನೆಯ ಪಾಟ್ಲಿ ಕಳುವಾಗಿವೆ ಎಂದು ದೂರು ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಪತ್ತಾರನೂ ಕಸ್ತೂರೆವ್ವನೂ ಠಾಣೆಯಲ್ಲಿ ನಿಂತಿದ್ದರು. ಪಾಟ್ಲಿಗಳು ಸಾಹೇಬರ ಮೇಜಿನ ಮೇಲೆ ಇದ್ದವು. ಆಕೆ ಅಳುತ್ತಿರಲಿಲ್ಲ. ಸೆರಗು ಹೊದ್ದುಕೊಂಡು ಸಾಹೇಬರ ಮುಖವನ್ನೇ ನೋಡುತ್ತ ಹೇಳಿದಳು, “ಮದುವ್ಯಾಗ ನಮ್ಮವ್ವ ತನ್ನ ಕೈಯಾನ ಪಾಟ್ಲಿ ತಗದು ನನ್ನ ಕೈಗೆ ಹಾಕ್ಯಾಳ್ರಿ. ನನ್ನ ಪಾಟ್ಲಿ ನಾನ ಇಟ್ಟರ ಕಳುವು ಹೆಂಗಾಕ್ಕೈತ್ರಿ?”

“ನನ್ನ ಕೇಳಲಾರದ ಮನೀ ಹೊಸ್ತಿಲಾ ದಾಟಿದ್ದು ಕಳುವ ಅಲ್ಲೇನ್ರಿ?” ಎಂದ ಮಲ್ಲಪ್ಪ.

ಸಾಹೇಬರು ಆಧಾರ್ ಕಾರ್ಡಿನ ಮೇಲೆ ಬೆರಳಿಟ್ಟರು. “ಇಲ್ಲಿ ಕುಬಿಹಾಳ ಅಂತಿದೆ. ನೀವಿರೋದು ಯರಗುಪ್ಪಿ. ಯಾಕಮ್ಮ ಮುಚ್ಚಿಟ್ರಿ?”

“ಮುಚ್ಚಿಟ್ಟಿದ್ದು ನಿಮಗಲ್ರಿ, ಇವರಿಗೆ.”

ಸಾಹೇಬರನ್ನು ಬಾಜೂ ಕೋಣೆಗೆ ಕರೆದೊಯ್ದು ನಾನು ಬಾಯಿ ಬಿಟ್ಟೇ ಹೇಳಿದೆ. ತವರಿನವರು ಕೊಟ್ಟ ಬಂಗಾರ ಹೆಣ್ಣಿನ ಸ್ವಂತ ಆಸ್ತಿ, ಇದರಲ್ಲಿ ಕಳವಿಲ್ಲ, ಇದು ಗಂಡ ಹೆಂಡಿರ ಜಗಳ, ಬುದ್ಧಿ ಹೇಳಿ ಕಳಿಸೋಣ ಎಂದೆ. ಕುಬಿಹಾಳದಿಂದ ಆಕೆಯ ತಾಯಿಯನ್ನು ಸಂಜೆಯೊಳಗೆ ಕರೆಸುತ್ತೇನೆ ಎಂದೂ ಹೇಳಿದೆ. ಅವರಿಗೆ ನನ್ನ ಮಾತು ತಿಳಿಯಲಿಲ್ಲ ಎಂದಲ್ಲ. ಆದರೆ ಫೋಟೋ ಗ್ರೂಪಿನಲ್ಲಿ ಇನ್ನೂರು ಜನ ನೋಡಿದ್ದಾರೆ, ವಿಳಾಸದಲ್ಲಿ ವ್ಯತ್ಯಾಸವಿದೆ, ಮೇಲಾಗಿ ದೂರು ಬಂದಿದೆ. ಬಿಟ್ಟರೆ ನಾಳೆ ತಮ್ಮ ಮೇಲೆಯೇ ಮಾತು ಬರುತ್ತದೆ ಎಂಬ ಅಂಜಿಕೆ. “ಕೋರ್ಟ್ ನೋಡ್ಕೊಳ್ಳುತ್ತೆ, ನಮಗ್ಯಾಕೆ?” ಎಂದರು. ಪಾಟ್ಲಿಗಳನ್ನು ಜಪ್ತಿ ಮಾಡಿ, ಅರಗಿನ ಮುದ್ರೆ ಒತ್ತಿ, ಮುದ್ದೇಮಾಲು ಮಾಡಿದರು. ಮುದ್ದೇಮಾಲು ಎಂದರೆ ಪ್ರಕರಣ ಮುಗಿಯುವವರೆಗೆ ಕೋರ್ಟಿನ ವಶದಲ್ಲಿ ಇರುವ ವಸ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂತಾರಲ್ಲ, ಅದನ್ನು ನಾನು ಅವತ್ತು ಕಣ್ಣಾರೆ ನೋಡಿದೆ.

ಪತ್ತಾರ ಠಾಣೆಯ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದ. “ಅಕ್ಕಾರ, ನಿಯಮದ ಪ್ರಕಾರ ಬರದೀನಿ, ನಿಯಮದ ಪ್ರಕಾರ ಫೋಟೋ ಹಾಕೀನಿ. ಒತ್ತಿ ಇಟ್ಟಿದ್ದನ್ನ ನೀವು ಒಯ್ದ್ರಿ. ನಾ ರೊಕ್ಕ ಯಾರ್ನ ಕೇಳ್ಲಿ?” ಎಂದ. ಅವನು ಕೇಳಿದ್ದು ನ್ಯಾಯವಾಗಿತ್ತು. ಕೇಳಬೇಕಾದದ್ದು ಕಸ್ತೂರೆವ್ವನನ್ನೇ, ಬೇರೆ ದಾರಿ ಅವನಿಗೂ ಇರಲಿಲ್ಲ.

ತಿಂಗಳು ಕಳೆಯಿತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಗ್ರೂಪಿನಲ್ಲಿ ಹಳೇ ಸಾಮಾನಿನ ಅಂಗಡಿಯವನು ಒಂದು ಫೋಟೋ ಹಾಕಿದ್ದ. ರೊಟ್ಟಿ ಮಾಡುವ ಮಷೀನ್, ಒಂದು. ಹೊಸದರಂತಿದೆ. ಮಾರಿದವರು ಕಸ್ತೂರೆವ್ವ, ಯರಗುಪ್ಪಿ. ಈ ಸಲ ವಿಳಾಸದಲ್ಲಿ ವ್ಯತ್ಯಾಸವಿರಲಿಲ್ಲ. ಅದರ ಕೆಳಗೆ ಸಾಲಾಗಿ ಹೆಬ್ಬೆರಳಿನ ಚಿತ್ರಗಳು ಬರತೊಡಗಿದವು, ಮೊದಲನೆಯದು ನಮ್ಮ ಸಾಹೇಬರದೇ. ನನಗೆ ಎಂಥಾ ಸಂಕಟವಾಯಿತೆಂದರೆ, ಬಸ್ಸು ಬಂದು ನಿಂತು ಹೋದದ್ದೂ ತಿಳಿಯಲಿಲ್ಲ.

ಮರುದಿನ ಸಾಹೇಬರನ್ನು ಕೇಳಿದೆ, “ಗ್ರೂಪ್ ಮಾಡಿದಾಗಿಂದ ಒಬ್ಬ ಕಳ್ಳನರ ಸಿಕ್ಕಾನೇನ್ರಿ?”

“ಸಿಕ್ಕಿಲ್ಲ ಅಂದ್ರೆ ಹೆದರಿದ್ದಾರೆ ಅಂತ ಅರ್ಥ,” ಎಂದರು.

ಹೆದರಿರಲಿಲ್ಲ. ಆ ಇಬ್ಬರು ಸರಗಳ್ಳರು ಆಮೇಲೆ ಪಕ್ಕದ ಜಿಲ್ಲೆಯಲ್ಲಿ, ಬೇರೆಯೇ ಪೊಲೀಸರ ಕೈಗೆ ಸಿಕ್ಕರು. ಕದ್ದ ಸರಗಳನ್ನು ಅವರು ಯಾವ ಗಿರವಿ ಅಂಗಡಿಗೂ ಒಯ್ದಿರಲಿಲ್ಲ. ತಾವೇ ಕರಗಿಸಿ ಗಟ್ಟಿ ಮಾಡಿ ದೂರದ ಊರಲ್ಲಿ ಮಾರಿದ್ದರು. ನಮ್ಮ ಗ್ರೂಪಿಗೆ ಸಿಕ್ಕಿದ್ದು ಹೆಣ್ಣುಮಕ್ಕಳ ಬೆಂಡೋಲೆ, ಪಾಟ್ಲಿ, ಮಕ್ಕಳ ಉಡದಾರ ಅಷ್ಟೇ. ದಿನಾ ಸಂಜೆ ಬರುತ್ತಿದ್ದ ಫೋಟೋಗಳೂ ಕಡಿಮೆಯಾಗಿದ್ದವು. ಜನರ ಕಷ್ಟ ಕಡಿಮೆಯಾಗಿರಲಿಲ್ಲ, ಅವರು ಅಂಗಡಿ ಬದಲಿಸಿದ್ದರು. ಲೈಸೆನ್ಸ್ ಇಲ್ಲದೆ, ವಹಿ ಇಲ್ಲದೆ, ಮನೆಯ ಪಡಸಾಲೆಯಲ್ಲಿ ಕೂತು ಬಂಗಾರ ಇಟ್ಟುಕೊಳ್ಳುವವರಿಗೆ ಸುಗ್ಗಿಯಾಗಿತ್ತು.

ಮಲ್ಲಪ್ಪ ಕೊನೆಗೆ ದೂರು ಹಿಂತೆಗೆದುಕೊಂಡ. ಆದರೂ ಪಾಟ್ಲಿಗಳು ಕೋರ್ಟಿನಿಂದ ಬಿಡುಗಡೆಯಾಗುವ ಹೊತ್ತಿಗೆ ನನ್ನ ನಿವೃತ್ತಿಯ ದಿನ ಹತ್ತಿರ ಬಂದಿತ್ತು. ಕಸ್ತೂರೆವ್ವನ ಜತೆ ನಾನೇ ಹೋಗಿ ಸಹಿ ಮಾಡಿಸಿ ಕೊಡಿಸಿದೆ. ಆಕೆ ಅವನ್ನು ಕೈಗೆ ಹಾಕಿಕೊಳ್ಳಲಿಲ್ಲ, ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಕೇಳಿದೆ, “ಮತ್ತ ಮಷೀನ್ ತಗೊಳ್ಳಾಕಿ ಏನವಾ?”

“ತಗೋತೀನ್ರಿ ಅಕ್ಕಾರ. ನಾಳೆನ ಇವನ್ನ ಇಟ್ಟು ಬರ್ತೀನಿ. ಈ ಸಲ ಬರಕೊಳ್ಳದವ್ರ ಹತ್ರ ಇಡ್ತೀನಿ.”

ನಾನು ಆಕೆಯ ಕೈ ಹಿಡಿದೆ. “ತಂಗಿ, ಅಲ್ಲಿ ರಸೀದಿ ಇರೂದಿಲ್ಲ. ನಾಳೆ ಅವರು ನೀ ಏನೂ ಇಟ್ಟಿಲ್ಲ ಅಂದ್ರ ಏನ ಮಾಡ್ತಿ? ಪೊಲೀಸರೂ ಏನೂ ಮಾಡಾಕ ಬರೂದಿಲ್ಲ.”

ಆಕೆ ಚಹಾದ ಕಪ್ಪು ಕೆಳಗಿಟ್ಟಳು. “ಅಲ್ಲಿ ಹೋದರ ಪಾಟ್ಲಿ ಅಷ್ಟ ಹೋಗತಾವ್ರಿ,” ಎಂದಳು.

ಬರೆದಿಟ್ಟದ್ದು ಜನರನ್ನು ಕಾಯುತ್ತದೆ ಎಂದು ನಾನು ನಂಬಿದ್ದೆ. ಅದು ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಎಂಬುದನ್ನು ಕಾಯುವವರಿಲ್ಲದಿದ್ದರೆ ಅದೇ ಬರವಣಿಗೆ ಜನರನ್ನು ಕೊಲ್ಲುತ್ತದೆ. ನನ್ನ ನೌಕರಿ ಕಡೆಗಾಲಕ್ಕೆ ಕಲಿಸಿದ್ದು ಇದು. ಸರ್ವೀಸಿನುದ್ದಕ್ಕೂ ಊರೂರು ತಿರುಗಿ ಹೆಣ್ಣುಮಕ್ಕಳಿಗೆ “ರಸೀದಿ ತಗೊಳ್ರವಾ, ರಸೀದಿ ಇಲ್ಲದ ಬಂಗಾರ ಕೊಡಬ್ಯಾಡ್ರಿ” ಎಂದು ಹೇಳಿದವಳು ನಾನು. ಅವತ್ತು ಕಸ್ತೂರೆವ್ವ ಬಸ್ಸು ಹತ್ತುವಾಗ ಅದನ್ನು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ.