ಬ್ರೂನೋ ಹೆಸರಿನ ಅರ್ಚನೆ

ಭಟ್ಟರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಂಗುರದ ಬೆರಳು, ಕಿರುಬೆರಳು ಕಡ್ಡಿಯ ಹಾಗೆ ಚಾಚಿಕೊಂಡೇ ಇರುತ್ತಿದ್ದವು. ಮಂಗಳಾರತಿ ಎತ್ತಿದರೆ ಎದುರು ನಿಂತವರ ಮೂಗಿಗೆ ಗುರಿಯಿಟ್ಟಂತೆ ಕಾಣುತ್ತಿತ್ತು. ಆ ಬೆರಳು ಮುರಿದವರು ನಮ್ಮ ದೇವಸ್ಥಾನ ಕಟ್ಟಿದ ಡಾಕ್ಟರು. ಮುರಿಸಿದವನು ನಾನು.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಹೇವರ್ಡ್‌ನ ಒಂದು ಹಳೇ ಟೈರ್ ಗೋದಾಮನ್ನೇ ನಾವು ದೇವಸ್ಥಾನ ಮಾಡಿಕೊಂಡಿದ್ದೆವು. ಕರಾವಳಿಯಿಂದ ಬಂದ ಭಟ್ಟರು ಅಲ್ಲಿ ಅರ್ಚಕರೂ ಹೌದು, ಮ್ಯಾನೇಜರೂ ಹೌದು. ಅಭಿಷೇಕ ಮುಗಿಸಿ, ಪಂಚೆಯ ಮೇಲೊಂದು ಸ್ವೆಟರ್ ಏರಿಸಿ ಆಫೀಸಿನಲ್ಲಿ ಕೂತರೆ ಪ್ಲಂಬರು, ಪಾರ್ಕಿಂಗ್ ಜಗಳ, ಸಿಟಿಯವರ ನೋಟಿಸು ಎಲ್ಲವೂ ಅವರ ತಲೆಗೇ. "ದೇವರದ್ದು ಸುಲಭ ಮಾರಾಯ್ರೆ, ಮಾತಾಡುವುದಿಲ್ಲ" ಎನ್ನುತ್ತಿದ್ದರು.

ಇನ್ನು ನಾನು. ಕೀಟಲೆಯಲ್ಲಿ ನನ್ನನ್ನು ಮೀರಿಸುವವರು ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹುಡುಕಿದರೂ ಸಿಗುವುದಿಲ್ಲ, ಈ ವಯಸ್ಸಿನಲ್ಲೂ. ಒಂದು ನವರಾತ್ರಿಯ ಭಾನುವಾರ ಅರ್ಚನೆ ಚೀಟಿಗಳ ಕಟ್ಟಿನೊಳಗೆ ನನ್ನದೂ ಒಂದು ಸೇರಿಸಿದೆ. ಗೋತ್ರ ಡಾಕ್ಟರದು, ನಕ್ಷತ್ರ ಡಾಕ್ಟರದು, ಹೆಸರು ಮಾತ್ರ ಅವರ ನಾಯಿಯದು. ಅಳಿಯಂದಿರು ಕೆವಿನ್, ಬ್ರಯಾನ್ ಆಗಿರುವ ಊರಿದು. ಭಟ್ಟರು ಯಾವ ಹೆಸರಿಗೂ ಹುಬ್ಬೇರಿಸುವವರಲ್ಲ. ತುಂಬಿದ ಸಭೆಯಲ್ಲಿ ಗಂಭೀರವಾಗಿ ಓದಿದರು: "ಕಾಶ್ಯಪ ಗೋತ್ರೋದ್ಭವಸ್ಯ, ಬ್ರೂನೋ ನಾಮಧೇಯಸ್ಯ..."

ಮಕ್ಕಳು ಕಿಸಕ್ಕೆಂದವು. ಡಾಕ್ಟರು ಗರ್ಭಗುಡಿಯ ಬಾಗಿಲಿಗೇ ನುಗ್ಗಿ ಹಿತ್ತಾಳೆಯ ಕೈಗಂಟೆ ಕಿತ್ತುಕೊಂಡರು.

"ನನ್ ನಾಯಿಗೆ ಅರ್ಚನೆ ಮಾಡ್ತೀಯೇನೋ? ಯಾವನು ಕೊಟ್ಟ ಈ ಚೀಟಿ? ಬೊಗಳೋ!"

ಮೊದಲ ಏಟಿಗೆ ಭಟ್ಟರು ಕೈ ಅಡ್ಡ ಹಿಡಿದರು. ಬೆರಳು ಮುರಿದ ಸದ್ದು ಪ್ರಸಾದದ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಮೂರನೆಯದಕ್ಕೆ ಅವರು ನೆಲದಲ್ಲಿದ್ದರು, ಕುಂಕುಮದ ತಟ್ಟೆ ಮಗುಚಿ ರಕ್ತ ಯಾವುದು ಕುಂಕುಮ ಯಾವುದು ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲೂ ಭಟ್ಟರು ಆ ಚೀಟಿ ನೋಡಿದರು, ನನ್ನ ಅಕ್ಷರ ಗುರುತಿಸಿದರು, ಎಡಗೈಯಲ್ಲಿ ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನೇ ತಪ್ಪಿ ಓದಿದ್ದು," ಎಂದರು.

ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರು ಬರುತ್ತಾರೆಂದು ಡಾಕ್ಟರು ತಾವೇ ಆಫೀಸಿನಲ್ಲಿ ಕೂರಿಸಿ ಬ್ಯಾಂಡೇಜು ಸುತ್ತಿದರು. ಮೂಳೆ ಸೊಟ್ಟಗೇ ಕೂಡಿಕೊಂಡಿತು.

ಡಾಕ್ಟರು ತೀರಿಕೊಂಡಾಗ ಅವರ ಜೀವನಚರಿತ್ರೆ ಬರೆಯುವ ಕೆಲಸ ಟ್ರಸ್ಟಿನವರು ಯಾರಿಗೆ ಕೊಟ್ಟರು ಹೇಳಿ? ಭಟ್ಟರಿಗೇ. ಅರ್ಚನೆಗೆ ಬಂದವರನ್ನೆಲ್ಲ ಡಾಕ್ಟರ ಬಗ್ಗೆ ಒಂದು ಮಾತು ಕೇಳಿ, ಚೀಟಿಯ ಬೆನ್ನಿಗೇ ಬರೆದುಕೊಳ್ಳುತ್ತಿದ್ದರು. ಮನೆ ಮಾರಿ ದೇವಸ್ಥಾನ ಕಟ್ಟಿದ್ದು ಬಂತು. ಅಡುಗೆಯವನ ಎದೆಗೆ ಕುದಿಯುವ ಸಾರು ಎರಚಿದ್ದೂ ಬಂತು. ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ವಾಲಂಟಿಯರನ್ನು ಹಲ್ಲು ಉದುರುವಂತೆ ಬಡಿದದ್ದೂ ಬಂತು.

ನನ್ನ ಹತ್ತಿರವೂ ಬಂದರು. "ಬ್ರೂನೋ ಕಥೆಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ನಿಮ್ಮ ಬಾಯಿಂದ ಬಂದ್ರೆ ಬರೀತೇನೆ."

"ನಾಯಿ ಹತ್ರಾನೇ ಕೇಳ್ರೀ ಭಟ್ರೇ, ನಂಗಿಂತ ಚೆನ್ನಾಗಿ ಹೇಳುತ್ತೆ," ಎಂದೆ. ಅವರು ನಕ್ಕರು. ಹೋದರು.

ಅಚ್ಚಿಗೆ ಹೋಗುವ ವಾರ ಡಾಕ್ಟರ ಮಗ ಆಫೀಸಿಗೆ ನುಗ್ಗಿದ. ನಾನು ಬಾಗಿಲಲ್ಲೇ ಇದ್ದೆ.

"ನೀವು ಬೇಕಂತ ಗಾಡ್‌ಗೆ ಇನ್ಸಲ್ಟ್ ಮಾಡಿದ್ರಿ, ಅದಕ್ಕೇ ಡ್ಯಾಡ್ ಹೊಡೆದ್ರು. ಹಾಗೇ ಬರೀರಿ. ಇಲ್ಲಾಂದ್ರೆ ಯು ಆರ್ ಔಟ್."

"ಬೇಕಂತ ಮಾಡಿದ್ದಲ್ಲ. ಹೊಡೆದದ್ದು ಹೌದು. ಎರಡೂ ಹಾಗೇ ಇರ್ತದೆ," ಎಂದರು ಭಟ್ಟರು.

ಅವನು ಕುತ್ತಿಗೆಗೆ ಕೈ ಹಾಕಿ ಸ್ಟೀಲ್ ಬೀರುವಿಗೆ ತಳ್ಳಿದ. ತುಟಿ ಸೀಳಿತು. ಹಿಡಿದು ಮತ್ತೊಮ್ಮೆ ತಳ್ಳಿದ. ಚೀಟಿ ಬರೆದದ್ದು ನಾನು ಎಂದು ನಾನೊಂದು ಮಾತು ಹೇಳಿದ್ದರೆ ಭಟ್ಟರ ಕೆಲಸ ಉಳಿಯುತ್ತಿತ್ತು. ಅವರು ನನ್ನ ಕಡೆ ನೋಡಿದರು ಕೂಡ. ಮೈಕು ಸಿಕ್ಕರೆ ಬಿಡದ ಈ ಬಾಯಿ ಅವತ್ತು ತೆರೆಯಲಿಲ್ಲ.

ಪುಸ್ತಕ ಹೊರಬಂತು, ಒಂದು ಹೊಡೆತವೂ ಬಿಡದೆ. ಬ್ರೂನೋ ಪುಟದಲ್ಲಿ ಚೀಟಿಯ ಬಗ್ಗೆ ಮಾತ್ರ "ಓದಿದವನು ನಾನು, ತಪ್ಪು ನನ್ನದು" ಎಂದಷ್ಟೇ ಇತ್ತು. ಆ ತಿಂಗಳೇ ಅವರನ್ನು ಕೆಲಸದಿಂದ ತೆಗೆದರು. ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ಫ್ರೀವೇಯಲ್ಲಿ ಕೇಳಿದೆ, "ಯಾಕ್ರೀ ನನ್ ಹೆಸರು ಬರೀಲಿಲ್ಲ?"

"ಅದು ಹೊಡೆದವರ ಪುಸ್ತಕ ಮಾರಾಯ್ರೆ. ತಮಾಷೆ ಮಾಡಿದವರದ್ದು ಅವರೇ ಬರೀಬೇಕು."

ಹೋದ ವರ್ಷ ಊರಿನಲ್ಲಿ ಅವರು ಹೋಗಿಬಿಟ್ಟರು. ಗೋದಾಮಿನಲ್ಲೇ ಶ್ರದ್ಧಾಂಜಲಿ ಸಭೆ ಆಯಿತು. ಡಾಕ್ಟರ ಮಗ ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಮೈಕು ಹಿಡಿದು ಹೇಳಿಯೇಬಿಟ್ಟೆ: "ಬ್ರೂನೋ ಚೀಟಿ ಬರೆದಿದ್ದು ನಾನು. ಭಟ್ರು ಏಟು ತಿಂದಿದ್ದು, ಕೆಲಸ ಕಳ್ಕೊಂಡಿದ್ದು ನನ್ನಿಂದ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಡಾಕ್ಟರ ಮಗ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದ.

"ಅಂಕಲ್, ಇಲ್ಲೂ ಜೋಕ್ ಬಿಡಲ್ವಲ್ಲ ನೀವು!"